ಹಕ್ಕಿಗಿಂತ ಒಂದು ಗೇಣು ಮುಂದೆ

ನಮ್ಮ ಮನೆಗೆ ವಿಡಿಯೋ ಗೇಮ್ ಬಂದದ್ದು ಅಣ್ಣನ ಹುಚ್ಚಿನಿಂದ. ಇಷ್ಟನ್ನು ಮಾತ್ರ ಖಚಿತವಾಗಿ ಹೇಳಬಲ್ಲೆ. ತೊಂಬತ್ತರ ದಶಕದ ನಡುವಿನ ಯಾವುದೋ ವರ್ಷ. ಮೂವತ್ತು ದಾಟಿದ್ದ, ಕಬ್ಬು ಬೆಳೆಯುತ್ತಿದ್ದ ಅಣ್ಣ, ಟೀವಿಗೆ ಸಿಕ್ಕಿಸಿ ಆಡುವ ಆ ಪೆಟ್ಟಿಗೆಯನ್ನು ಮೈಸೂರಿನಲ್ಲಿ ಯಾರದೋ ಮನೆಯಲ್ಲಿ ನೋಡಿದವನು, ಶ್ರೀರಂಗಪಟ್ಟಣದ ಅಂಗಡಿಯೊಂದರಿಂದ ಮಾರನೆಯ ವಾರವೇ ತಂದುಬಿಟ್ಟ. ಗದ್ದೆಯಿಂದ ಬಂದು ಕಾಲು ತೊಳೆದು ಟೀವಿಯ ಮುಂದೆ ಚಕ್ಕಳಮಕ್ಕಳ ಹಾಕಿ ಕೂತರೆ ಆಯಿತು. ಪರದೆಯ ಮೇಲಿನ ಗೊಂಬೆ ಹಳ್ಳ ಹಾರುವಾಗ ಅವನೂ ಕೂತಲ್ಲೇ ಹಾರುತ್ತಿದ್ದ.

ಪೆಟ್ಟಿಗೆ ಕೆಂಪು ಬಿಳಿ ಬಣ್ಣದ್ದು ಎಂದು ನನ್ನ ನೆನಪು. ಬೂದು ಬಣ್ಣದ್ದು ಎಂದು ಅಣ್ಣನ ವಾದ. ನಾನು ಭೌತಶಾಸ್ತ್ರ ಓದಿದವನು. ಒಂದೇ ವಸ್ತುವಿಗೆ ಇಬ್ಬರು ಸಾಕ್ಷಿಗಳು ಎರಡು ಬಣ್ಣ ಹೇಳಿದರೆ ಇಬ್ಬರನ್ನೂ ಪೂರ್ತಿ ನಂಬಬಾರದು ಎಂದು ಕಲಿತವನು. ಆದ್ದರಿಂದ ಈ ಬರಹದಲ್ಲಿ ಅಲ್ಲಲ್ಲಿ ನನ್ನ ಮಾತನ್ನು ನಾನೇ ತಡೆದು ನಿಲ್ಲಿಸುತ್ತೇನೆ.

ಆಗ ನಾನು ನಾಗಮಂಗಲದ ಕಾಲೇಜಿನಲ್ಲಿ ಅರೆಕಾಲಿಕ ಉಪನ್ಯಾಸಕ. ಶನಿವಾರ ಮಧ್ಯಾಹ್ನ ಪಾಠ ಮುಗಿಸಿ ಬಸ್ಸು ಹತ್ತಿದರೆ ಕಿರಂಗೂರಿನ ಪಕ್ಕದ ನಮ್ಮ ಊರಿಗೆ ಬರುತ್ತಿದ್ದೆ. ಮನೆಯಲ್ಲಿ ಅಣ್ಣ, ಅವ್ವ, ಒಂದು ಸೀಮೆಹಸು. ಅಪ್ಪ ತೀರಿಕೊಂಡ ಮೇಲೆ ಗದ್ದೆ ಅಣ್ಣನದಾಯಿತು, ಹಸು ಅವ್ವನದಾಯಿತು. ಬೆಳಿಗ್ಗೆ ಸಂಜೆ ಹಾಲು ಕರೆದು, ಕ್ಯಾನಿಗೆ ಸುರಿದು, ತಾನೇ ಡೈರಿಗೆ ಒಯ್ದು ಹಾಕುತ್ತಿದ್ದಳು. ಡೈರಿಯ ಸಾಲಿನಲ್ಲಿ ನಿಂತು ಊರಿನ ಸುದ್ದಿಯನ್ನೆಲ್ಲ ತರುತ್ತಿದ್ದಳು. ಆ ಸಾಲೇ ಅವಳ ಲೋಕ.

ಆ ವರ್ಷ ಪಾಂಡವಪುರದಲ್ಲಿ ಅವ್ವನ ಕಣ್ಣಿನ ಪೊರೆ ತೆಗೆಸಿದೆವು. ಮಸೂರ ತೆಗೆದ ಕಣ್ಣಿಗೆ ಸೋಡಾ ಬಾಟಲಿಯ ತಳದಂಥ ಕನ್ನಡಕ. ಅದನ್ನು ಹಾಕಿಕೊಂಡ ಮೊದಲ ದಿನವೇ ಅವಳು ಹಾಲನ್ನು ಕ್ಯಾನಿನ ಹೊರಗೆ ಸುರಿದಳು. ಎರಡನೆಯ ದಿನವೂ ಸುರಿದಳು. ವಾರ ಕಳೆದರೂ ಕ್ಯಾನಿನ ಪಕ್ಕದ ನೆಲ ಬೆಳ್ಳಗೇ ಇತ್ತು.

"ನೆಲಕ್ಕೆ ಆಲು ಕುಡ್ಸೋಕೆ ಅಸ ಸಾಕ್ಬೇಕಾ? ಮಾರ್ಬುಡಾನ ಬುಡವ್ವ," ಅಂದ ಅಣ್ಣ.

"ನಿನ್ ಗದ್ದೆ ಮಾರ್ಲಾ ಮೊದ್ಲು," ಅಂದಳು ಅವ್ವ.

ಆದರೆ ಆ ಉತ್ತರದಲ್ಲಿ ಜೋರಿರಲಿಲ್ಲ. ತನ್ನ ಕಣ್ಣಿನ ಮೇಲೆ ಅವಳಿಗೇ ನಂಬಿಕೆ ಹೋಗಿತ್ತು. ಡೈರಿಗೆ ಹೋಗುವುದನ್ನು ನಿಲ್ಲಿಸಿ ಕ್ಯಾನನ್ನು ಅಣ್ಣನ ಸೈಕಲ್ಲಿಗೆ ಕಟ್ಟಿ ಕಳಿಸತೊಡಗಿದಳು. ಅಣ್ಣ ಕೆ.ಆರ್. ಪೇಟೆ ಕಡೆಯ ಕಿಕ್ಕೇರಿಯಿಂದ ಬರುವ ದನದ ವ್ಯಾಪಾರಿಗೆ ಹೇಳಿ ಕಳಿಸಿದ. ಆ ಹಸು ಹೋದರೆ ಅವ್ವನಿಗೆ ಹೊಸಿಲು ದಾಟುವ ಕಾರಣವೇ ಉಳಿಯುವುದಿಲ್ಲ ಎಂದು ನನಗೆ ಗೊತ್ತಿತ್ತು. ಅಣ್ಣನಿಗೂ ಗೊತ್ತಿತ್ತು ಎನ್ನಬೇಕು. ಅವನಿಗೆ ಕೋಪಕ್ಕಿಂತ ಭಯ ಹೆಚ್ಚು. ಕಾಣದೆ ಹಸುವಿನ ಕಾಲಿಗೆ ಸಿಕ್ಕಿ ಏನಾದರೂ ಆದರೆ ಎಂಬ ಭಯ.

ಇದೇ ಹೊತ್ತಿಗೆ ಶ್ರೀರಂಗಪಟ್ಟಣದ ಅಂಗಡಿಯಿಂದ ಸುದ್ದಿ ಬಂತು. ಪೆಟ್ಟಿಗೆ ಕೊಂಡವರಿಗೆ ಒಂದು ಬಿಡಿ ಸಾಮಾನು ಉಚಿತವಾಗಿ ಕೊಡುತ್ತೇವೆಂದು ಅವರು ಮಾತು ಕೊಟ್ಟಿದ್ದರು. ಮಾಲು ಬಂದಿದೆ, ಬಂದು ಆರಿಸಿಕೊಳ್ಳಿ ಎಂದರು. ಅಣ್ಣ ನನಗೆ ಒಂದೇ ಮಾತು ಹೇಳಿದ್ದ: "ಎಲ್ಡನೇ ಜಾಯ್‌ಸ್ಟಿಕ್ ತಕ್ಕೊಂಬಾ. ಇಬ್ರೂ ಆಡ್ಬೋದು. ಬ್ಯಾರೆ ಏನಾರ ತಂದ್ಯೋ, ನೀನೇ ಆಡ್ಕೊ."

ಶನಿವಾರ ಬಸ್ಸಿಳಿದು ಅಂಗಡಿಗೆ ಹೋದೆ. ಟೀವಿ, ರೇಡಿಯೋ ರಿಪೇರಿ ಮಾಡುವ ಇಕ್ಕಟ್ಟಾದ ಅಂಗಡಿ. ಅಂಗಡಿಯವನು ನಡುವಯಸ್ಸಿನ, ಪಂಚೆ ಉಟ್ಟ, ಬಾಯಿ ತುಂಬ ಎಲೆಯಡಿಕೆಯ ಮನುಷ್ಯ. ಮೂರು ಸಾಮಾನು ಮುಂದಿಟ್ಟ: ಜಾಯ್‌ಸ್ಟಿಕ್ಕು, ಮಡಚಿದ ಪ್ಲಾಸ್ಟಿಕ್ಕಿನ ಚಾಪೆ, ಒಂದು ಬಂದೂಕು.

"ಚಾಪೆ ಯಾತಕ್ಕೆ?" ಅಂದೆ.

"ಅಯ್ಯೋ ಮೇಷ್ಟ್ರೇ, ಇದೇ ಅಸ್ಲಿ ಮಾಲು! ಬಟನ್ ಒತ್ತಂಗಿಲ್ಲ. ನೀವು ಓಡುದ್ರೆ ಟೀವಿವೊಳ್ಗಿರೋನೂ ಓಡ್ತಾನೆ. ನೀವು ನಿಂತ್ರೆ ಅವ್ನೂ ನಿಲ್ತಾನೆ. ನೋಡಿ ಇಂಗೆ!"

ಅಷ್ಟು ಹೇಳಿ ಚಾಪೆ ಹಾಸಿ, ಪಂಚೆ ಎತ್ತಿ ಕಟ್ಟಿ, ಬೀದಿಯ ಕಡೆ ಮುಖ ಮಾಡಿ ನಿಂತಲ್ಲೇ ಓಡತೊಡಗಿದ. ಚಾಪೆಯ ತಂತಿಯನ್ನು ಯಾವುದಕ್ಕೂ ಸಿಕ್ಕಿಸಿರಲಿಲ್ಲ. ಎದುರಿಗೆ ಬಸ್ಸಿಗೆ ಕಾಯುತ್ತಿದ್ದವರಲ್ಲಿ ಒಬ್ಬ ಕೂಗಿದ: "ಏನಣ್ಣ, ಯಾರ್ ಅಟ್ಟುಸ್ಕೊಂಡ್ ಬತ್ತಾವ್ರೆ?" ಅಂಗಡಿಯವನು ಓಡುತ್ತಲೇ, "ನಿಮ್ಮತ್ತೆ ಕಣ್ಲಾ!" ಅಂದ. ಇಡೀ ನಿಲ್ದಾಣ ನಕ್ಕಿತು.

ನನಗೆ ಚಾಪೆಯ ಮೇಲೆ ಆಸೆಯಾಯಿತು. ಇಡೀ ಮೈ ಆಡಿಸಿ ಆಡುವ ಆಟ ಎಂಬುದೇ ಆ ಕಾಲಕ್ಕೆ ಪವಾಡ. ಆದರೆ ಅದರ ಮೇಲೆ ಅಣ್ಣ ಓಡಿದರೆ ಮನೆಯ ಮಡಕೆ ಉಳಿಯುವುದಿಲ್ಲ, ಅವ್ವನಂತೂ ಅದರ ಹತ್ತಿರವೂ ಬರುವುದಿಲ್ಲ. ಬಂದೂಕನ್ನು ಕೈಗೆತ್ತಿಕೊಂಡೆ. ಹಗುರ, ಆಟಿಕೆಯ ಹಾಗೆ. ನಳಿಕೆಯ ತುದಿಯಲ್ಲಿ ಪುಟ್ಟ ಗಾಜು.

"ಇದ್ರ ಕ್ಯಾಸೆಟ್ನಾಗೆ ಅಕ್ಕಿ ಒಡ್ಯೋ ಆಟ ಐತೆ," ಅಂದ ಅಂಗಡಿಯವನು.

ನಮ್ಮ ಸೀಮೆಯಲ್ಲಿ ಹಕ್ಕಿಯೂ ಅಕ್ಕಿಯೇ, ಹೊಡೆಯುವುದೂ ಒಡೆಯುವುದೇ. ಮೈಸೂರಿನಲ್ಲಿ ನಾಲ್ಕಾರು ವರ್ಷ ಓದಿ ಹಕಾರ ಕಲಿತಿದ್ದ ನನಗೆ ಅರೆಕ್ಷಣ ಅಕ್ಕಿ ಗಿರಣಿ ಕಣ್ಣ ಮುಂದೆ ಬಂತು. ಆಮೇಲೆ ಹಕ್ಕಿ ಬಂತು. ಹಕ್ಕಿಯ ಹಿಂದೆ ಅವ್ವ ಬಂದಳು.

ಅವ್ವನ ತವರು ಚಿನಕುರಳಿ. ಕಲ್ಲಿಗೆ ಬರವಿಲ್ಲದ ಊರು. ಮದುವೆಗೆ ಮುಂಚೆ ಜೋಳದ ಹೊಲದ ಅಟ್ಟಣೆಯ ಮೇಲೆ ನಿಂತು ಕವಣೆ ಬೀಸಿ ಗಿಣಿ ಓಡಿಸುವುದು ಅವಳ ಕೆಲಸವಾಗಿತ್ತಂತೆ. ಅವಳ ಗುರಿಯ ಮಾತನ್ನು ನಮ್ಮ ಮಾವಂದಿರು ಈಗಲೂ ಆಡುತ್ತಾರೆ. ಆ ಕೈ, ಆ ಕಣ್ಣು ಇನ್ನೂ ಇದೆಯೇ ಇಲ್ಲವೇ ಎಂದು ನೋಡಲು ಇದೊಂದು ಉಪಾಯ ಎಂದುಕೊಂಡು ಬಂದೂಕನ್ನೇ ಆರಿಸಿದೆ.

ಇಲ್ಲಿ ನನ್ನನ್ನು ತಡೆಯಬೇಕು. ನಿಜವಾಗಿಯೂ ಅವ್ವನಿಗಾಗಿಯೇ ತೆಗೆದುಕೊಂಡೆನೇ? ಬಂದೂಕು ನನಗೇ ಇಷ್ಟವಾಗಿ, ಅವ್ವನ ಕಾರಣವನ್ನು ಆಮೇಲೆ ಹೊಲಿದುಕೊಂಡಿರಬಹುದು. ಎರಡೂ ಸಾಧ್ಯ.

ಮನೆಗೆ ಬಂದಾಗ ಅಣ್ಣ ಮುಖ ಊದಿಸಿಕೊಂಡ. "ಪೋಲೀಸ್ನೋನಾಗ್ಬೇಕಿತ್ತು ಬುಡು ನೀನು," ಅಂದ. ಆದರೂ ಕುತೂಹಲ ತಡೆಯಲಾರದೆ ತಾನೇ ಮೊದಲು ಆಡಿದ. ಪರದೆಯ ಮೇಲೆ ಹುಲ್ಲಿನ ಮರೆಯಿಂದ ಹಕ್ಕಿಗಳು ಚಿಮ್ಮಿ ಅಡ್ಡಡ್ಡ ಹಾರುತ್ತಿದ್ದವು. ಬಂದೂಕಿನ ಕುದುರೆ ಎಳೆದರೆ ಪರದೆ ಕ್ಷಣಕಾಲ ಕಪ್ಪಾಗಿ ಹಕ್ಕಿ ಇದ್ದ ಜಾಗದಲ್ಲಿ ಬಿಳಿ ಚೌಕ ಮಿಂಚುತ್ತದೆ. ಬಂದೂಕಿನ ಗಾಜಿಗೆ ಆ ಬೆಳಕು ಕಂಡರೆ ಹಕ್ಕಿ ಬೀಳುತ್ತದೆ. ಅಂದರೆ ಬಂದೂಕಿನಿಂದ ಏನೂ ಹೋಗುವುದಿಲ್ಲ, ಅದು ನೋಡುತ್ತದೆ ಅಷ್ಟೆ. ಅಣ್ಣನಿಗೆ ಹತ್ತರಲ್ಲಿ ನಾಲ್ಕೋ ಐದೋ ಬಿದ್ದವು.

ಅವ್ವ ಬಾಗಿಲಲ್ಲಿ ನಿಂತು ನೋಡುತ್ತಿದ್ದಳು. "ನೀನೂ ಒಂದ್ಸಲ ಒಡಿ ಬಾರವ್ವ," ಅಂದೆ.

"ಓಗ್ಲಾ, ಮುದುಕೀಗೆ ಬಂದೂಕ ಕೊಟ್ಟು ಆಡ್ಕೊಳ್ತೀರಾ?" ಅಂದಳು. ಅಂದವಳು ಸೆರಗಿಗೆ ಕೈ ಒರೆಸಿಕೊಂಡು ಬಂದೇಬಿಟ್ಟಳು.

ಹತ್ತು ಹಕ್ಕಿ ಹಾರಿದವು. ಒಂದೂ ಬೀಳಲಿಲ್ಲ. ಇನ್ನು ಹತ್ತು ಹಾರಿದವು. ಒಂದೂ ಇಲ್ಲ. ಅಣ್ಣ ನನ್ನ ಕಡೆ ತಿರುಗಿ ಸಣ್ಣಗೆ, "ನೋಡುದ್ಯಾ? ಇದ್ಕೇ ಯೋಳಿದ್ದು ನಾನು," ಅಂದ. ಸಣ್ಣಗೆ ಅಂದದ್ದು ಅವ್ವನಿಗೂ ಕೇಳಿಸಿತು. ಅವಳು ಬಂದೂಕನ್ನು ಕೆಳಗಿಟ್ಟಳು.

ಆದರೆ ನನಗೆ ಏನೋ ಸರಿಯಿಲ್ಲ ಅನ್ನಿಸಿತು. ಕಣ್ಣು ಕಾಣದವರು ಮೇಲೆ, ಕೆಳಗೆ, ಹಿಂದೆ, ಮುಂದೆ ಅಡ್ಡಾದಿಡ್ಡಿ ತಪ್ಪುತ್ತಾರೆ. ಇಪ್ಪತ್ತು ಸಲ ಅಡ್ಡಾದಿಡ್ಡಿ ತಪ್ಪಿದರೆ ಒಂದಾದರೂ ಅಚಾನಕ್ಕಾಗಿ ಬೀಳಬೇಕು. ಒಂದೂ ಬೀಳಲಿಲ್ಲವೆಂದರೆ ತಪ್ಪಿಗೊಂದು ಕ್ರಮವಿದೆ. ತರಗತಿಯಲ್ಲಿ ಇದನ್ನೇ ಅಲ್ಲವೇ ನಾನು ಹೇಳಿಕೊಡುತ್ತಿದ್ದದ್ದು?

"ಅವ್ವ, ಎಲ್ಲಿಗಿಟ್ಟೆ ಗುರಿಯ?"

"ಎಲ್ಲಿಗಿಡ್ತಾರ್ಲಾ? ಅಕ್ಕಿ ಮುಂದಕ್ಕೆ."

"ಎಷ್ಟು ಮುಂದಕ್ಕೆ?"

"ಒಂದ್ ಗೇಣು. ಅಕ್ಕಿ ಇರೋ ತಾವ್ಕೇ ಒಡುದ್ರೆ, ಕಲ್ಲು ಓಗೋ ಒತ್ಗೆ ಅಕ್ಕಿ ಅಲ್ಲೇ ಕೂತ್ಕೊಂಡಿರ್ತದಾ? ಓದ್ದೋನು, ಅಷ್ಟೂ ಗೊತ್ತಿಲ್ವಾ ನಿಂಗೆ?"

ನಾನು ನಕ್ಕೆನೋ ಅತ್ತೆನೋ ನೆನಪಿಲ್ಲ. ನಕ್ಕಿರಬೇಕು. ಇಪ್ಪತ್ತಕ್ಕೆ ಇಪ್ಪತ್ತೂ ಸಲ ಹಾರುವ ಹಕ್ಕಿಯ ಮುಂದೆ ಒಂದೇ ಅಳತೆಯ ಗೇಣು ಬಿಟ್ಟು ಹೊಡೆದಿದ್ದಳು. ಅದು ಕಣ್ಣಿಲ್ಲದವರ ಕೆಲಸವಲ್ಲ.

"ಇದ್ರಲ್ಲಿ ಕಲ್ಲು ಓಗಾಕಿಲ್ಲ ಕಣವ್ವ. ಬರೀ ಬೆಳಕು. ಅಕ್ಕಿ ಇರೋ ತಾವ್ಕೇ ಇಡು."

"ಮುಂದಕ್ಕಿಡ್ದೆ? ಅದ್ಯಾವ ಸೀಮೆ ಗುರೀಲಾ ಅದು? ಅದ್ರಾಗೇನ್ ಎಚ್ಚುಗಾರ್ಕೆ?" ಎಂದು ಮೂಗು ಮುರಿದಳು. ಆದರೂ ಬಂದೂಕು ಎತ್ತಿಕೊಂಡಳು. ಮೊದಲ ನಾಲ್ಕು ತಪ್ಪಿದವು. ಹಳೆಯ ಕೈ ಮುಂದಕ್ಕೆ ಎಳೆಯುತ್ತಿತ್ತು. ಐದನೆಯದು ಬಿತ್ತು. ಆರನೆಯದು ಬಿತ್ತು. ಆಮೇಲೆ ಎಷ್ಟು ಬಿದ್ದವು ಎಂದು ನಾನು ಹೇಳಲಾರೆ. ಒಂದಾದ ಮೇಲೊಂದು ಬೀಳುತ್ತಲೇ ಇದ್ದವು. ಅಣ್ಣ ಎದ್ದು ನಿಂತಿದ್ದ.

"ಲೇ, ಅವ್ವಂಗೆ ಕಣ್ ಕಾಣ್ತದೆ ಕಣ್ಲಾ!"

"ಕಾಣಾಕಿಲ್ಲ ಅಂತ ನಾನ್ಯಾವಾಗ್ ಯೋಳಿದ್ನ್ಲಾ? ಯೋಳ್ದೋನು ನೀನು," ಅಂದಳು ಅವ್ವ, ಪರದೆಯಿಂದ ಕಣ್ಣು ತೆಗೆಯದೆ.

ಮಾರನೆಯ ಬೆಳಿಗ್ಗೆ ಹಿತ್ತಿಲಲ್ಲಿ ನೀರು ಸುರಿಯುವ ಸದ್ದು ಕೇಳಿ ಹೋದೆ. ಅವ್ವ ಖಾಲಿ ಕ್ಯಾನು ಇಟ್ಟುಕೊಂಡು ಚೆಂಬಿನಿಂದ ನೀರು ಹೊಯ್ಯುತ್ತಿದ್ದಳು. ಯಾರೂ ಹೇಳಿಕೊಟ್ಟಿರಲಿಲ್ಲ. ಹಾಲು ಚೆಲ್ಲುವುದಕ್ಕೂ ಹೀಗೇ ಒಂದು ಕ್ರಮವಿರಬೇಕು, ಅದನ್ನು ನಾನು ಹೇಳಿಕೊಡಬೇಕು ಎಂದುಕೊಂಡು ಎದ್ದಿದ್ದೆ, ಅಷ್ಟರಲ್ಲಿ ಅವಳೇ ಕಂಡುಕೊಂಡಿದ್ದಳು.

"ಈ ಕನ್ನಡ್ಕದಾಗೆ ಕ್ಯಾನು ಅತ್ರುಕ್ ಬಂದಂಗ್ ಕಾಣ್ತದೆ. ಅದ್ಕೇ ಉಯ್ದಿದ್ದು ಇತ್ಲಾಗೇ ಬೀಳ್ತಿತ್ತು. ಕಾಣೋ ತಾವ್ಕಿಂತ ವಸಿ ಮುಂದಕ್ ಉಯ್ಬೇಕು, ಅಷ್ಟೇಯ," ಅಂದಳು. ದೃಗ್ವಿಜ್ಞಾನದ ಒಂದು ಅಧ್ಯಾಯವನ್ನು ಚೆಂಬಿನಲ್ಲಿ ಮುಗಿಸಿದ್ದಳು. ನನಗೆ ವಿಶ್ವವಿದ್ಯಾಲಯದ ಚಿನ್ನದ ಪದಕ ಬಂದ ದಿನ ಆಗದಷ್ಟು ಹೆಮ್ಮೆ ಅಂದು ಆಯಿತು.

ದನದ ವ್ಯಾಪಾರಿ ಬಂದದ್ದು ಮುಂದಿನ ಭಾನುವಾರ. ಅಣ್ಣ ಬೇಡವೆಂದು ಹೇಳಿ ಕಳಿಸುವುದನ್ನು ಮರೆತಿದ್ದ, ಅಥವಾ ಅವನಿಗೆ ಇನ್ನೂ ಅನುಮಾನವಿತ್ತು. ಹಸು ಕೊಳ್ಳುವವರು ತಮ್ಮ ಮುಂದೆಯೇ ಹಾಲು ಕರೆಸಿ ನೋಡುವುದು ವಾಡಿಕೆ. ಅಣ್ಣ ಕರೆಯಲು ಹೋದರೆ ಅವ್ವ ಅವನ ಕೈಯಿಂದ ಪಾತ್ರೆ ಕಿತ್ತುಕೊಂಡಳು. ಕರೆದಳು. ಪಾತ್ರೆ ಎತ್ತಿ, ನಿಂತುಕೊಂಡೇ, ಸೊಂಟದ ಎತ್ತರದಿಂದ ಕ್ಯಾನಿನ ಬಾಯಿಗೆ ಸುರಿದಳು. ಬಿಳಿ ಹಗ್ಗ ಇಳಿದ ಹಾಗೆ ಹಾಲು ಇಳಿಯಿತು.

"ಅವ್ವಾರ್ಗೆ ಕಣ್ ಕಾಣಾಕಿಲ್ಲ, ಅದ್ಕೆ ಕೊಡ್ತಾವ್ರೆ ಅಂದ್ರಲ್ಲ?" ಅಂದ ವ್ಯಾಪಾರಿ.

"ಯಾವನಂದೋನು?" ಅಂದಳು ಅವ್ವ.

ಅಣ್ಣ ಹುಲ್ಲಿನ ಮೆದೆಯ ಕಡೆ ನೋಡುತ್ತಾ ನಿಂತ.

"ಅಸ ಚೆಂದಾಗೈತೆ. ಅಂದಿದ್ಕಿಂತ ಮ್ಯಾಲೇ ಕೊಡ್ತೀನಿ, ಒಂದ್ ಮಾತ್ ಯೋಳಿ."

"ಅಷ್ಟು ದೂರ್ದಿಂದ ಬಂದಿದ್ದೀಯ. ಕಾಪಿ ಕುಡ್ಕೊಂಡು ಓಗಪ್ಪ," ಅಂದಳು ಅವ್ವ.

ಅಣ್ಣ ಈಗ ಹೇಳುವುದು ಬೇರೆ. ವ್ಯಾಪಾರಿ ಬಂದು ಹೋದ ಮೇಲೆಯೇ ನಾನು ಬಂದೂಕು ತಂದದ್ದು, ಅವ್ವ ಅಷ್ಟರಲ್ಲಿ ತನ್ನಷ್ಟಕ್ಕೇ ಸರಿಹೋಗಿದ್ದಳು, ಅದರಲ್ಲಿ ನನ್ನ ಪಾತ್ರವೇನೂ ಇಲ್ಲ ಎನ್ನುತ್ತಾನೆ. ಹಾಗಿದ್ದರೆ ನನ್ನ ಪ್ರಯೋಗ ಬರೀ ಆಟ. ಅವ್ವನನ್ನು ಕೇಳಿದಾಗ ಅವಳು ಇನ್ನೂ ಮುಂದೆ ಹೋದಳು: "ನಾನ್ಯಾವತ್ ಆಲು ಚೆಲ್ಲಿದ್ನ್ಲಾ?" ಮೂವರು ಸಾಕ್ಷಿಗಳು, ಮೂರು ಕಥೆ. ಯಾವುದು ಮೊದಲು ಯಾವುದು ಆಮೇಲೆ ಎಂದು ನಾನು ಹಟ ಹಿಡಿಯುವುದಿಲ್ಲ.

ಆದರೆ ಒಂದನ್ನು ಮಾತ್ರ ಯಾರಿಗೂ ಬಿಟ್ಟುಕೊಡುವುದಿಲ್ಲ. ವ್ಯಾಪಾರಿ ಜಗಲಿಯ ಮೇಲೆ ಕಾಫಿ ಕುಡಿಯುತ್ತಿದ್ದಾಗ ನಾನು ಕೊಟ್ಟಿಗೆಗೆ ಹಿಂತಿರುಗಿ ಹೋಗಿ, ಬಗ್ಗಿ, ಕ್ಯಾನಿನ ಸುತ್ತ ನೆಲವನ್ನು ಬೆರಳಿನಿಂದ ಮುಟ್ಟಿ ನೋಡಿದೆ. ನೆಲ ಒಣಗಿತ್ತು.

"ಏನ್ಲಾ ಉಡುಕ್ತಿದ್ದೀಯ ಅಲ್ಲಿ?" ಎಂದಳು ಹಿಂದಿನಿಂದ ಅವ್ವ. ನಾನು ಎದ್ದು ನಿಲ್ಲುವಷ್ಟರಲ್ಲಿ ಕ್ಯಾನನ್ನು ಸೊಂಟಕ್ಕೇರಿಸಿ ಡೈರಿಯ ದಾರಿ ಹಿಡಿದಿದ್ದಳು. ಅಣ್ಣನ ಸೈಕಲ್ಲು ಗೋಡೆಗೆ ಒರಗಿಕೊಂಡೇ ಇತ್ತು.