ಕುದುರೆಯ ಮೇಲಿನ ಅಜ್ಜ ತೋರಿಸಿದ ನೀರಿನ ಮಟ್ಟ

ಎರಡು ವರ್ಷದ ಹಿಂದಿನ ಬಕ್ರೀದ್ ರಜೆ. ಕುವೈತಿನಲ್ಲಿ ಕಾರಿನ ಬಾಗಿಲನ್ನು ಬರಿಗೈಯಲ್ಲಿ ಮುಟ್ಟಲಾಗದ ಜೂನ್ ತಿಂಗಳು. ನಾನೂ ನನ್ನ ಗೆಳೆಯ ಅಶ್ರಫನೂ ಸೈಕಲ್ಲುಗಳನ್ನು ಬಿಚ್ಚಿ ರಟ್ಟಿನ ಪೆಟ್ಟಿಗೆಗಳಲ್ಲಿ ತುಂಬಿಸಿ ಜಾರ್ಜಿಯಾ ದೇಶಕ್ಕೆ ಹೊರಟೆವು. ಇಲ್ಲಿನ ಇಕಾಮಾ, ಅಂದರೆ ವಾಸದ ಪರವಾನಗಿ, ಕೈಯಲ್ಲಿದ್ದುದರಿಂದ ಅಲ್ಲಿಗೆ ಬೇರೆ ವೀಸಾ ಬೇಕಿರಲಿಲ್ಲ. ಆ ಪ್ರವಾಸದ ಕಥೆಯನ್ನು ಆಮೇಲೆ ಎಷ್ಟೋ ಜನರಿಗೆ ಹೇಳಿದ್ದೇನೆ. ಚೆನ್ನಾಗಿಯೇ ಹೇಳುತ್ತಿದ್ದೆ. ಈಗ ಬರೆಯುತ್ತಿರುವುದು, ಹಾಗೆ ಹೇಳಿದ್ದರಲ್ಲಿ ಮುಖ್ಯವಾದ ಒಂದು ಭಾಗ ಸುಳ್ಳು ಎಂದು ಗೊತ್ತಾದ ಮೇಲೆ.

ನನ್ನ ಹೆಸರು ವಿನ್ಸೆಂಟ್. ಮನೆ ಅಬು ಹಲೀಫಾದಲ್ಲಿ, ಕೆಲಸ ಶುಐಬಾದ ಒಂದು ಗುತ್ತಿಗೆ ಕಂಪೆನಿಯಲ್ಲಿ. ಸೇಫ್ಟಿ ಆಫೀಸರ್. ಬೇಸಗೆಯಲ್ಲಿ ಹನ್ನೊಂದರಿಂದ ನಾಲ್ಕರವರೆಗೆ ಯಾರಿಂದಲೂ ಬಿಸಿಲಲ್ಲಿ ಕೆಲಸ ಮಾಡಿಸುವಂತಿಲ್ಲ ಎಂಬ ಕಾನೂನು ಇಲ್ಲಿದೆ. ಹನ್ನೊಂದಕ್ಕೆ ಸರಿಯಾಗಿ ಸೀಟಿ ಊದಿ ಎಲ್ಲರನ್ನೂ ನೆರಳಿಗೆ ಕಳಿಸುವವನು ನಾನು. ವರ್ಷಗಟ್ಟಲೆ ಅದನ್ನೇ ಮಾಡಿದ್ದರಿಂದ ರಜೆಯ ದಿನವೂ ಹನ್ನೊಂದಾದರೆ ನನ್ನ ಕಾಲು ತಾನಾಗಿ ನೆರಳು ಹುಡುಕುತ್ತದೆ.

ಅಶ್ರಫ್ ಕಡಲತೀರದ ಉಳ್ಳಾಲದವನು, ಫಹಾಹೀಲಿನಲ್ಲಿ ಸೂಟ್‌ಕೇಸುಗಳ ಅಂಗಡಿ. ನಮ್ಮನ್ನು ಹತ್ತಿರ ತಂದದ್ದು ಗ್ರಾವೆಲ್ ಸೈಕಲ್. ಅದರ ಹ್ಯಾಂಡಲ್ ರೇಸಿನ ಸೈಕಲ್ಲಿನಂತೆ ಬಾಗಿರುತ್ತದೆ, ಟೈರು ಮಾತ್ರ ದಪ್ಪ. ಡಾಂಬರು ಮುಗಿದ ಮೇಲೂ ಜಲ್ಲಿ, ಮಣ್ಣು, ಗಟ್ಟಿ ಮರಳಿನ ಮೇಲೆ ಓಡುತ್ತದೆ. ಶುಕ್ರವಾರ ಅಶ್ರಫನ ಬೆಳಗಿನ ನಮಾಜ್ ಮುಗಿಯುತ್ತಲೇ ವಫ್ರಾ ಕಡೆಯ ಜಲ್ಲಿ ದಾರಿಗೆ ಇಳಿಯುತ್ತಿದ್ದೆವು. ಬಿಸಿಲು ಏರುವ ಮೊದಲು ಮನೆ ಸೇರುತ್ತಿದ್ದೆವು.

ಜಾರ್ಜಿಯಾದ ಆ ಕಣಿವೆಯ ನಕ್ಷೆಯನ್ನು ಮೊಬೈಲಿನಲ್ಲಿ ಹುಡುಕಿದ್ದು ಅವನೇ.

"ಪೊರ್ಬುಗಳೇ, ಇಲ್ಲಿ ನೋಡಿ," ಎಂದ. ನಮ್ಮ ಕಡೆ ಕ್ರೈಸ್ತರನ್ನು ಗೌರವದಿಂದ ಕರೆಯುವ ಮಾತು ಅದು; ನನ್ನನ್ನು ಕೆಣಕುವಾಗ ಅವನಿಗೆ ಈ ಮರ್ಯಾದೆ ಬರುತ್ತದೆ. "ನದಿ ಉಂಟು, ಕಾಡು ಉಂಟು, ಮೇಲೆ ಹಿಮ ಉಂಟು. ಪೈಪ್‌ಲೈನ್ ನೋಡ್ಕೊಂಡು ಎಷ್ಟು ವರ್ಷ ಅಂತ ತುಳಿಯುವುದು?"

"ಜುಬೈದಕ್ಕ ಬಿಡ್ತಾರಾ?" ಅವನ ಹೆಂಡತಿಯನ್ನು ನೆನೆದು ಕೇಳಿದೆ.

"ಯಾರ ಜೊತೆ ಅಂತ ಕೇಳಿದಳು. ನಿನ್ನ ಹೆಸರು ಹೇಳಿದೆ. ಸೇಫ್ಟಿ ಆಫೀಸರ್ ಅಲ್ವಾ, ಹೋಗಿ ಅಂದಳು."

ಆ ಕಣಿವೆಯ ಹೆಸರು ಈಗಲೂ ನನ್ನ ನಾಲಗೆಯಲ್ಲಿ ಸರಿಯಾಗಿ ಹೊರಳುವುದಿಲ್ಲ. ಎರಡೂ ಕಡೆ ಕಪ್ಪಗೆ ಒತ್ತೊತ್ತಾಗಿ ನಿಂತ ಪೈನ್ ಮರಗಳು, ಅವುಗಳ ಮೇಲೆ ಹುಲ್ಲು, ಹುಲ್ಲಿನ ಮೇಲೆ ಹಿಮ. ಮರದ ದಿಮ್ಮಿ ಸಾಗಿಸುತ್ತಿದ್ದ ಲಾರಿಗಳ ಹಳೆಯ ದಾರಿಯೊಂದು ನದಿಯ ಪಕ್ಕದಲ್ಲೇ ಸಾಗುತ್ತದೆ. ಕೆಲವು ಕಡೆ ಉರುಟು ಕಲ್ಲು. ಚಕ್ರ ಕುಣಿದು ಅಂಗೈ ಮರಗಟ್ಟುತ್ತದೆ. ಕಾಡಿನೊಳಗೆ ಹೊಕ್ಕರೆ ಸೂಜಿಯಂಥ ಎಲೆಗಳು ದಪ್ಪಗೆ ಬಿದ್ದು ಟೈರಿನ ಸದ್ದೇ ಅಡಗುತ್ತದೆ. ಕುವೈತಿನಲ್ಲಿ ನಮ್ಮನ್ನು ತಡೆಯುವುದು ಗಾಳಿ ಮಾತ್ರ, ಏರು ಎಂಬುದೇ ಇಲ್ಲ. ಇಲ್ಲಿ ಹತ್ತು ನಿಮಿಷಕ್ಕೊಮ್ಮೆ ಇಳಿದು ತಳ್ಳಬೇಕಾಯಿತು. ಮೊದಲ ದಿನ ನದಿಯ ಪಕ್ಕದಲ್ಲೇ ಹೋಗುತ್ತ ತಲಾ ನಾಲ್ಕು ಲೀಟರ್ ನೀರು ಬೆನ್ನ ಮೇಲೆ ಹೊತ್ತಿದ್ದೆವು. ಸಂಜೆ ಅದನ್ನು ಇಳಿಸುವಾಗಲೇ ಇದು ಬೇಕಿರಲಿಲ್ಲ ಎಂದು ಇಬ್ಬರಿಗೂ ಹೊಳೆದದ್ದು.

ಮೂರನೆಯ ದಿನವೇ ಕೊನೆಯ ದಿನ. ಮರುದಿನ ನಸುಕಿಗೆ ವಿಮಾನ ನಿಲ್ದಾಣಕ್ಕೆ ಕರೆದೊಯ್ಯಲು ಜೀಪು ಬರುವುದಿತ್ತು. ಉಳಿದುಕೊಂಡಿದ್ದ ಮನೆಯಿಂದ ಕಣಿವೆಯ ತುದಿಯವರೆಗೆ ಹೋಗಿ ಅದೇ ದಾರಿಯಲ್ಲಿ ಮರಳುವುದೆಂದು ಹೊರಟೆವು. ಬೆಳಿಗ್ಗೆ ಏಳಕ್ಕೆ ಒಂದು ಉಪನದಿ ಅಡ್ಡ ಬಂತು. ಸೇತುವೆ ಇಲ್ಲ, ದಾರಿಯೇ ನೀರಿಗಿಳಿದು ಆಚೆ ಹತ್ತುತ್ತದೆ. ಮೊಣಕಾಲು ಮುಟ್ಟುವಷ್ಟೂ ನೀರಿರಲಿಲ್ಲ. ನಗುತ್ತ ದಾಟಿದೆವು.

ಮೇಲಿನ ಬಯಲು ಮುಟ್ಟಿದಾಗ ಹನ್ನೊಂದು. ನಾನು ಬಾಯಲ್ಲೇ ಸೀಟಿ ಊದಿದೆ. "ಖಲಾಸ್! ಎಲ್ಲರೂ ನೆರಳಿಗೆ."

"ಎಂತ ನೆರಳು ಮಾರಾಯಾ? ನನಗೆ ಚಳಿ ಆಗ್ತಾ ಉಂಟು."

"ಕಾನೂನು ಕಾನೂನೇ. ನಾಲ್ಕಕ್ಕೆ ಇಳಿಯುವ."

ತಮಾಷೆಗೆ ಹೇಳಿದ್ದು. ಆದರೂ ಇಬ್ಬರೂ ಮರದ ಕೆಳಗೆ ಕುಳಿತೇ ಬಿಟ್ಟೆವು. ಮಧ್ಯಾಹ್ನ ಮಲಗಿ ಸಂಜೆ ಹೊರಡುವುದು ನಮ್ಮ ಮೈಗೆ ಅಂಟಿದ ಅಭ್ಯಾಸ. ಬ್ರೆಡ್ಡು, ಚೀಸು ತಿಂದೆವು. ಸ್ವಲ್ಪ ಹೊತ್ತಿನ ಮೇಲೆ ಅಶ್ರಫ್ ನಮಾಜ್ ಮಾಡಿ, ಹೆಲ್ಮೆಟನ್ನು ಮುಖದ ಮೇಲೆ ಮುಚ್ಚಿಕೊಂಡು ಮಲಗಿದ.

ಆಗ ಐದಾರು ದನಗಳನ್ನು ಅಟ್ಟಿಕೊಂಡು ಕುದುರೆಯ ಮೇಲೆ ಒಬ್ಬ ಅಜ್ಜ ಬಂದ. ನಮ್ಮನ್ನು ಕಂಡು ಕುದುರೆ ನಿಲ್ಲಿಸಿ ಏನೋ ಹೇಳಿದ. ಭಾಷೆ ಒಂದಕ್ಷರ ತಿಳಿಯಲಿಲ್ಲ. ಹಿಮದ ಕಡೆ ಕೈ ತೋರಿಸಿದ, ಸೂರ್ಯನ ಕಡೆ ತೋರಿಸಿದ, ನಾವು ಬಂದ ದಾರಿಯ ಕಡೆ ತೋರಿಸಿದ. ಕೊನೆಗೆ ಬಗ್ಗಿ, ಅಂಗೈಯನ್ನು ತನ್ನ ಮೊಣಕಾಲ ಬಳಿ ಹಿಡಿದು ನಿಧಾನವಾಗಿ ಎದೆಯವರೆಗೆ ಏರಿಸಿದ. ನಾನು ತಲೆಯಾಡಿಸಿ, ಕುವೈತಿನಿಂದ ತಂದಿದ್ದ ಖರ್ಜೂರ ಕೊಟ್ಟೆ, ಮೊಬೈಲಿನಲ್ಲಿ ಒಂದು ವಿಡಿಯೋ ಮಾಡಿಕೊಂಡೆ. ಅವನು ಹೋದ. ನಾನೂ ಮಲಗಿದೆ.

ಇಲ್ಲಿ ನನ್ನ ನೆನಪು ಹೇಳುವುದು ಇಷ್ಟು: ಸ್ನಾನಕ್ಕೆ ಇಳಿಯಬೇಡಿ, ನದಿ ಆಳ ಎನ್ನುತ್ತಿದ್ದಾನೆ ಎಂದು ನಾನು ತಿಳಿದುಕೊಂಡೆ. ಒಂದು ವರ್ಷ ಇದನ್ನೇ ನಂಬಿದ್ದೆ.

ನಾಲ್ಕಕ್ಕೆ ಹೊರಟು ಉಪನದಿಯ ಹತ್ತಿರ ಬರುವಾಗ ಮೊದಲು ಕೇಳಿಸಿದ್ದು ಸದ್ದು. ನೀರಿನಡಿ ಕಲ್ಲುಗಳು ಉರುಳಿ ಒಂದಕ್ಕೊಂದು ಬಡಿಯುತ್ತಿದ್ದವು. ಬೆಳಿಗ್ಗೆ ತಿಳಿಯಾಗಿದ್ದ ನೀರು ಕೆಂಪಗೆ ಕದಡಿ ಎರಡರಷ್ಟು ಅಗಲವಾಗಿತ್ತು. ದಿನವಿಡೀ ಬಿಸಿಲಿಗೆ ಕರಗಿದ ಹಿಮವೆಲ್ಲ ಆ ಹೊತ್ತಿಗೆ ಕೆಳಗೆ ತಲುಪುತ್ತದೆ. ಅಲ್ಲಿಯವರು ಬೆಳಿಗ್ಗೆ ದಾಟಿ ಮಧ್ಯಾಹ್ನದೊಳಗೆ ಮರಳುತ್ತಾರೆ. ಮಧ್ಯಾಹ್ನ ಮಲಗಿ ಸಂಜೆ ನೀರಿಗಿಳಿಯಲು ಬರುವವರು ನಮ್ಮಂಥ ಮರಳುಗಾಡಿನವರು ಮಾತ್ರ.

"ಕಾಯುವ," ಎಂದೆ.

"ಎಷ್ಟು ಕಾಯುವುದು? ಬೆಳಿಗ್ಗೆ ಜೀಪು ಉಂಟಲ್ಲ. ನಾನು ಉಳ್ಳಾಲದವ ಮಾರಾಯಾ, ನೀರು ನನಗೆ ಹೊಸತಾ?" ಎಂದು ಅಶ್ರಫ್ ಸೈಕಲ್ ಹೆಗಲಿಗೇರಿಸಿ ಇಳಿದ.

ನಡುನೀರಿನಲ್ಲಿ ಪ್ರವಾಹ ಸೈಕಲ್ಲಿನ ಚಕ್ರಕ್ಕೆ ಹೊಡೆದು ಅವನನ್ನು ತಿರುಗಿಸಿತು. ಅವನು ಕೂಗಲಿಲ್ಲ. ಆ ಚಳಿಗೆ ಉಸಿರೇ ನಿಂತಿತ್ತಂತೆ, ಆಮೇಲೆ ಹೇಳಿದ. ನಾನು ನನ್ನ ಸೈಕಲ್ ಹಿಡಿದುಕೊಂಡೇ ದಡದುದ್ದಕ್ಕೂ ಓಡಿದೆ. ಒಂದು ಮರ ನೀರಿಗೆ ಅಡ್ಡವಾಗಿ ಬಿದ್ದಿದ್ದ ಕಡೆ ಅವನು ಬಡಿದು ಸಿಕ್ಕಿಕೊಂಡ. ಮರದ ಮೇಲೆ ಹೊಟ್ಟೆ ಎಳೆದುಕೊಂಡು ಹೋಗಿ, ನನ್ನ ಸೈಕಲ್ಲಿನ ಒಂದು ಚಕ್ರ ನಾನು ಹಿಡಿದು ಹ್ಯಾಂಡಲನ್ನು ಅವನತ್ತ ಚಾಚಿದೆ. ಅವನ ಕೈ ಎರಡು ಸಲ ತಪ್ಪಿತು. ಮೂರನೆಯ ಸಲ ಹಿಡಿದ. ಎಳೆದೆ. ಅವನ ಸೈಕಲ್ ಹೋಯಿತು, ಹೆಗಲ ಮೂಳೆ ಮುರಿದಿತ್ತು, ಜೀವ ಉಳಿದಿತ್ತು.

ಕತ್ತಲಾಗುವ ಮೊದಲು ಅದೇ ಅಜ್ಜ ಕುದುರೆಯೊಂದಿಗೆ ಬಂದ. ಮೇಲ್ಗಡೆ ನೀರು ಹರಡಿಕೊಂಡು ಹರಿಯುವ ಜಾಗದಲ್ಲಿ ನಮ್ಮನ್ನು ಒಬ್ಬೊಬ್ಬರಾಗಿ ದಾಟಿಸಿದ. ಆಚೆ ದಡದಲ್ಲಿ ನನ್ನ ಎದುರು ನಿಂತು ಮತ್ತೆ ಅಂಗೈಯನ್ನು ಮೊಣಕಾಲಿನಿಂದ ಎದೆಯವರೆಗೆ ಏರಿಸಿದ. ಈ ಸಲ ನಿಧಾನವಾಗಿ ಅಲ್ಲ, ಸಿಟ್ಟಿನಿಂದ.

ನಡುಗುತ್ತಿದ್ದ ಅಶ್ರಫ್ ಕೇಳಿದ, "ಎಂತ ಹೇಳ್ತಾನೆ ಅವ?"

"ಗೊತ್ತಿಲ್ಲ. ಬೈತಾ ಇರಬೇಕು," ಎಂದೆ.

ಕುವೈತಿಗೆ ಮರಳಿದ ಮೇಲೆ ಕಥೆ ತಾನಾಗಿ ರೂಪುಗೊಂಡಿತು. ಉಳ್ಳಾಲದ ಹುಂಬ ಈಜುತ್ತೇನೆಂದು ಹಾರಿದ, ಸೇಫ್ಟಿ ಆಫೀಸರ್ ಪ್ರಾಣ ಉಳಿಸಿದ. ಹುಟ್ಟುಹಬ್ಬದ ಊಟಗಳಲ್ಲಿ, ಸಂಘದ ಸಭೆಗಳಲ್ಲಿ ನನ್ನ ಬೆನ್ನು ತಟ್ಟಿದರು. ಅಶ್ರಫನಿಗೆ "ಉಳ್ಳಾಲದ ಬಂಗುಡೆ" ಎಂಬ ಮೀನಿನ ಹೆಸರು ಬಿತ್ತು. ಅವನೂ ನಗುತ್ತಿದ್ದ. ಆದರೆ ಅವನ ಹೆಂಡತಿ ಜುಬೈದಾ ಇನ್ನು ಸೈಕಲ್ ಎಂಬ ಮಾತೇ ಮನೆಯಲ್ಲಿ ಬೇಡ ಎಂದರು. ಇಬ್ಬರು ಮಕ್ಕಳ ಅಪ್ಪ, ಬುದ್ಧಿ ಬೇಡವಾ ಎಂದರು. ಅವನು ಎದುರು ಹೇಳಲಿಲ್ಲ. ಶುಕ್ರವಾರ ನಾನೊಬ್ಬನೇ ಹೋಗುತ್ತಿದ್ದೆ. ವಾರಕ್ಕೆ ಒಂದೇ ಬೆಳಗು ಅಂಗಡಿಯ ಗೋಡೆಗಳಿಂದ ಹೊರಗಿರುತ್ತಿದ್ದ ಮನುಷ್ಯ. ಆ ಬೆಳಗೂ ಅವನಿಗೆ ಇಲ್ಲವಾಯಿತು. ಹೊಟ್ಟೆ ಬಂದಿತು, ಮಾತು ಕಡಿಮೆಯಾಯಿತು.

ಒಂದು ವರ್ಷವಾಗಿತ್ತು. ನನ್ನ ಮಗಳು ರಿಯಾಗೆ ಹದಿಮೂರು. ನಾವು ಕನ್ನಡದಲ್ಲಿ ಕೇಳಿದರೆ ಇಂಗ್ಲಿಷಿನಲ್ಲಿ ಉತ್ತರ ಕೊಡುವ ಪೈಕಿ. ಶಾಲೆಗೆ ಏನೋ ಪ್ರಾಜೆಕ್ಟ್ ಎಂದು ನನ್ನ ಹಳೆಯ ವಿಡಿಯೋಗಳನ್ನು ನೋಡುತ್ತಿದ್ದಳು. ಅಡುಗೆಮನೆಯಲ್ಲಿದ್ದ ನನಗೆ ಕುದುರೆ ಮೂಗಿನಲ್ಲಿ ಬುಸುಗುಟ್ಟಿದ್ದು ಕೇಳಿಸಿತು. ಅದರ ಹಿಂದೆಯೇ ನನ್ನ ದನಿ, ನಗುತ್ತ: "ನೋಡು ರಿಯಾ, ಸಂಜೆಗೆ ನೀರು ಇಷ್ಟು ಮೇಲೆ ಬರ್ತದಂತೆ, ಬೇಗ ಹೋಗಿ ಅಂತಾನೆ ಅಜ್ಜ. ನಮಗೆ ಈಗ ಸಿಯೆಸ್ಟಾ, ಮಧ್ಯಾಹ್ನದ ನಿದ್ದೆ!"

ರಿಯಾ ತಲೆಯೆತ್ತಿದಳು. "ಪಪ್ಪಾ, ಯು ನ್ಯೂ?" ನಿಮಗೆ ಗೊತ್ತಿತ್ತಾ ಎಂದು ಕೇಳುತ್ತಿದ್ದಳು.

ಆ ಮಾತುಗಳನ್ನು ಆಡಿದ ನೆನಪು ನನಗೆ ಸ್ವಲ್ಪವೂ ಇಲ್ಲ. ಈಗಲೂ ಇಲ್ಲ. ಕಣ್ಣು ಮುಚ್ಚಿದರೆ, ತಪ್ಪು ತಿಳಿದು ತಲೆಯಾಡಿಸಿದ ನಾನೇ ಕಾಣುತ್ತೇನೆ. ಆದರೆ ದನಿ ನನ್ನದು. ನನಗೆ ಗೊತ್ತಿತ್ತು. ನಿದ್ದೆ ಬರುತ್ತಿತ್ತು, ಅಶ್ರಫ್ ಮಲಗಿಯಾಗಿತ್ತು, ಎಬ್ಬಿಸಲು ಬೇಸರವಾಗಿತ್ತು. ಇದಕ್ಕಿಂತ ದೊಡ್ಡ ಕಾರಣ ಹುಡುಕಿದರೂ ಸಿಗಲಿಲ್ಲ. ಆಮೇಲೆ ದಡದಲ್ಲಿ "ಗೊತ್ತಿಲ್ಲ" ಎಂದಾಗ, ಅದನ್ನು ಮೊದಲು ನಂಬಿದವನು ನಾನೇ ಇರಬೇಕು.

ನನ್ನ ಹೆಂಡತಿಯನ್ನು ಕರೆದುಕೊಂಡು ಅಶ್ರಫನ ಮನೆಗೆ ಹೋದೆ. ಅವನು ಅಂಗಡಿಯಲ್ಲಿರುವ ಹೊತ್ತನ್ನು ಬೇಕೆಂದೇ ಆರಿಸಿದ್ದೆ. ಜುಬೈದಾ ಚಹಾ ತಂದಿಟ್ಟರು. ಎಲ್ಲ ಹೇಳಿದೆ.

"ಒಂದು ವರ್ಷದಿಂದ ನಾನು ಅವರಿಗೆ ಬೈತಾ ಇದ್ದೇನೆ, ವಿನ್ಸೆಂಟಣ್ಣ. ಒಂದು ಮಾತು ವಾಪಸ್ ಹೇಳ್ಲಿಲ್ಲ ಅವರು. ಇದು ಅವರಿಗೆ ಗೊತ್ತುಂಟಾ?"

"ಇಲ್ಲ ಜುಬೈದಕ್ಕ."

"ಮತ್ತೆ ನನಗೆ ಯಾಕೆ ಹೇಳ್ತೀರಿ? ನಾನು ಹೋಗಿ ಅವರಿಗೆ ಹೇಳಲಿ ಅಂತಲಾ?"

ಅದಕ್ಕೇ ಹೋಗಿದ್ದೆ. ಅವರು ಕೇಳುವವರೆಗೆ ನನಗದು ತಿಳಿದಿರಲಿಲ್ಲ. ಚಹಾ ಹಾಗೇ ಬಿಟ್ಟು, ಹೆಂಡತಿಯನ್ನು ಅಲ್ಲಿಯೇ ಕೂರಿಸಿ, ಫಹಾಹೀಲಿಗೆ ಹೋದೆ.

ಅಶ್ರಫ್ ಹೊಸ ಸೂಟ್‌ಕೇಸುಗಳ ಪ್ಲಾಸ್ಟಿಕ್ ಬಿಚ್ಚುತ್ತಿದ್ದ. "ಎಂತ ಪೊರ್ಬುಗಳೇ, ಊರಿಗೆ ಹೊರಟಿರಾ? ದೊಡ್ಡದು ಬೇಕಾ, ಸಣ್ಣದು ಸಾಕಾ?"

ನಾನು ಆ ವಿಡಿಯೋ ಹಾಕಿ ಮೊಬೈಲ್ ಅವನ ಕೈಗಿಟ್ಟೆ. ಅವನು ನೋಡಿದ. ಮತ್ತೆ ನೋಡಿದ. ಮೂರನೆಯ ಸಲ ಪರದೆ ನೋಡದೆ ದನಿ ಮಾತ್ರ ಕೇಳಿದ.

"ನಗ್ತಾ ಹೇಳಿದ್ದೀಯಲ್ಲ," ಎಂದ.

"ಹೌದು."

"ನಾನು ಎರಡು ಮಾರು ದೂರ ಮಲಗಿದ್ದೆ. ಎಬ್ಬಿಸಲಿಕ್ಕೆ ಎಷ್ಟು ಹೊತ್ತು ಬೇಕಿತ್ತು ನಿನಗೆ? ಮತ್ತೆ ಆಚೆ ದಡದಲ್ಲಿ ಕೇಳಿದೆ. ಆಗಲೂ ಹೇಳ್ಲಿಲ್ಲ."

ಅವನು ಪ್ಲಾಸ್ಟಿಕನ್ನು ಮುದ್ದೆ ಮಾಡಿ ಬುಟ್ಟಿಗೆ ಹಾಕಿದ.

"ಎಳೆದು ತೆಗೆದದ್ದೂ ನೀನೇ. ಅದೂ ಸುಳ್ಳಲ್ಲ. ಅದೊಂದು ಇಲ್ಲದಿದ್ದರೆ ನಿನಗೆ ಸರಿಯಾಗಿ ಎರಡು ಬೈದು ಮುಗಿಸ್ತಿದ್ದೆ. ಹೋಗು ಈಗ. ಗಿರಾಕಿ ಬರುವ ಹೊತ್ತು."

ಮೂರು ವಾರ ಅವನ ಸುದ್ದಿ ಇರಲಿಲ್ಲ. ಆಮೇಲೆ ಫೋನು ಬಂತು.

"ಸೈಕಲ್ ತೆಗೊಂಡೆ. ಜುಬೈದಾ ಒಪ್ಪಿದಳು. ನಿನ್ನ ಜೊತೆ ಮಾತ್ರ ಬೇಡ ಅಂದಳು."

"ನೀನು ಎಂತ ಹೇಳಿದೆ?"

"ಆಯ್ತು ಅಂದೆ."

ಈಗ ಅವನು ಬೇರೊಂದು ಗುಂಪಿನೊಂದಿಗೆ ಹೋಗುತ್ತಾನೆ. ನಾನು ಒಬ್ಬನೇ. ಊಟದ ಕೂಟಗಳಲ್ಲಿ ಯಾರಾದರೂ ಹಳೆಯ ಕಥೆ ತೆಗೆದರೆ ನಾನು ತಿದ್ದುತ್ತೇನೆ. ಹೆಚ್ಚಿನವರು ಅದನ್ನು ನನ್ನ ವಿನಯ ಎಂದುಕೊಳ್ಳುತ್ತಾರೆ. ಎಲ್ಲರಿಗೂ ಹಳೆಯದೇ ಇಷ್ಟ. ನನಗೂ, ನಿಜ ಹೇಳಬೇಕೆಂದರೆ, ಕಣ್ಣು ಮುಚ್ಚಿದಾಗ ಇನ್ನೂ ಅದೇ ಕಾಣುತ್ತದೆ. ಆದ್ದರಿಂದ ನಾನು ಬಹಳ ಸ್ಪಷ್ಟವಾಗಿ ನೆನಪಿದೆ ಎನ್ನುವುದನ್ನೇ ಈಗ ಹೆಚ್ಚು ಅನುಮಾನದಿಂದ ನೋಡುತ್ತೇನೆ.

ಕೆಲವು ಶುಕ್ರವಾರ ವಫ್ರಾ ದಾರಿಯಲ್ಲಿ ಅವನ ಗುಂಪು ಎದುರಾಗುತ್ತದೆ. ಮೊದಮೊದಲು ಅವನು ಕೈ ಎತ್ತಿ ಹೋಗಿಬಿಡುತ್ತಿದ್ದ. ಕಳೆದ ಚಳಿಗಾಲದಲ್ಲಿ ಒಂದು ದಿನ ಬ್ರೇಕ್ ಹಿಡಿದು, ಒಂದು ಕಾಲು ನೆಲಕ್ಕೂರಿ ನಿಂತ.

"ಮುಂದೆ ದಾರಿ ಹೇಗುಂಟು?" ಎಂದು ಕೇಳಿದ.

ಕಂಡದ್ದನ್ನೆಲ್ಲ ಹೇಳಿದೆ. ಎಲ್ಲಿ ಮರಳು ಬಂದು ಕೂತಿದೆ, ಎಲ್ಲಿ ಲಾರಿ ಹೋಗಿ ಗುಂಡಿ ಬಿದ್ದಿದೆ, ಯಾವ ಬೇಲಿಯ ಹತ್ತಿರ ನಾಯಿಗಳಿವೆ. ಬಲಕ್ಕೆ ತಿರುಗುವ ದಾರಿಗೆ ನಾನು ಹೋಗಿಲ್ಲ, ಅದು ಹೇಗಿದೆಯೋ ಗೊತ್ತಿಲ್ಲ ಎಂದೆ. ಅವನು ಪೂರ್ತಿ ಕೇಳಿದ. ಆಮೇಲೆ ತನ್ನವರ ಕಡೆ ತಿರುಗಿ, ನಾನು ಹೇಳಿದ್ದನ್ನೇ, ಒಂದೂ ಬಿಡದೆ, ಅವರಿಗೆ ಹಿಂದಿಯಲ್ಲಿ ಹೇಳಿ, ಪೆಡಲ್ ತುಳಿದ.