ಸಿಮುಲೋಸನ ಮದುವೆ ಹೂಜಿ

ನಮ್ಮ ಅಥೆನ್ಸಿನ ಕುಂಬಾರಕೇರಿಯಲ್ಲಿ ಪಾತ್ರೆಗಳು ಮಾತಾಡುತ್ತವೆ. ನಮ್ಮ ಅಂಗಡಿಯ ಯಾವ ಬಟ್ಟಲನ್ನಾದರೂ ಎತ್ತಿ ನೋಡಿ, ‘ನನ್ನನ್ನು ಹೆಗಿಯಾಸ್ ಮಾಡಿದ’ ಎಂದು ಬರೆದಿರುತ್ತದೆ. ಹಸಿ ಸುಳ್ಳು. ಹೆಗಿಯಾಸ್ ನಮ್ಮ ಯಜಮಾನ. ಮಣ್ಣು ಮುಟ್ಟಿ ಹದಿನೈದು ವರ್ಷವಾಯಿತು, ಆಲಿವ್ ಕಾಯಿ ಮುಟ್ಟದ ದಿನ ಒಂದೂ ಇಲ್ಲ. ಬಟ್ಟಲು ಮಾಡುವವನು ತಿಗುರಿಯ ಚಕ್ರದ ಮುಂದೆ ಕೂತ ಸಿಮುಲೋಸ್. ಸುಳ್ಳನ್ನು ಮುದ್ದಾದ ಅಕ್ಷರದಲ್ಲಿ ಬರೆಯುವವನು ನಾನು.

ಸಿಮುಲೋಸನಿಗೆ ಓದು ಬರುವುದಿಲ್ಲ. ಮಂಡಿ ಕೈಕೊಟ್ಟಿದೆ, ಬಾಯಿ ಮಾತ್ರ ಚುರುಕು. ಮೂವತ್ತು ವರ್ಷ ಅವನು ಹೆಸರಿಗಾಗಿ ತಲೆ ಕೆಡಿಸಿಕೊಂಡವನಲ್ಲ. ಮಗಳು ಮಿರ್ಟೋಳ ಮದುವೆ ಗೊತ್ತಾದಾಗ ಹಟ ಹಿಡಿದ. ಮದುಮಗಳ ಸ್ನಾನಕ್ಕೆ ಚಿಲುಮೆಯಿಂದ ನೀರು ತರುತ್ತಾರಲ್ಲ, ಆ ಉದ್ದ ಕತ್ತಿನ ಹೂಜಿಯನ್ನು ತಾನೇ ತಿದ್ದಿ ತೀಡಿ ಯಜಮಾನನ ಮುಂದಿಟ್ಟ.

“ಇದರ ಮೇಲಾದ್ರೂ ನನ್ನ ಹೆಸರು ಬರೆಸ್ತೀನಿ ಯಜಮಾನ್ರೇ.”

“ಆಗಲ್ಲ ಕಣಯ್ಯಾ. ಈ ಅಂಗಡಿಯಿಂದ ಆಚೆ ಹೋಗೋದು ಒಂದೇ ಹೆಸರು.”

ಸಿಮುಲೋಸ್ ಆ ದಿನ ಊಟಕ್ಕೂ ಬಾಯಿ ತೆರೆಯಲಿಲ್ಲ. ನನಗೆ ತಡೆಯಲಾಗಲಿಲ್ಲ.

“ಸುಮ್ನಿರು ಮಾರಾಯ, ನಾನು ಬರೀತೀನಿ. ಅವರ ಮಂದ ಕಣ್ಣಿಗೆಲ್ಲಿ ಕಾಣ್ಸುತ್ತೆ?”

ನಾವು ಬರೆಯುವ ಬಣ್ಣವೂ ಮಣ್ಣೇ. ಸುಡುವ ಮೊದಲು ಅದು ಹೂಜಿಯ ಮೈಯಲ್ಲೇ ಬೆರೆತಂತಿರುತ್ತದೆ. ಬೆಂಕಿ ತಾಗಿದ ಮೇಲೆಯೇ ಕಪ್ಪಗೆ ಮಿಂಚುವುದು. ಅಷ್ಟಕ್ಕೇ ಬಿಟ್ಟಿದ್ದರೆ ಚೆನ್ನಾಗಿತ್ತು. ಯಜಮಾನನಿಗೆ ಸುಳಿವು ಸಿಗಬಾರದೆಂದು ಅತಿಬುದ್ಧಿವಂತನಾದ ನಾನು ಬಣ್ಣಕ್ಕೆ ಇನ್ನಷ್ಟು ನೀರು ಬೆರೆಸಿ ಬರೆದೆ.

ಮದುವೆಗೆ ಎರಡು ದಿನವಿರುವಾಗ ಪಾತ್ರೆ ಸುಡುವ ಆವಿಗೆ ತೆರೆದೆವು. ಹೂಜಿಯ ಮೇಲೆ ನಾನು ಬರೆದ ವಧುವೂ ಕೊಳಲಿನವಳೂ ಹೊಳೆಯುತ್ತಿದ್ದರು. ಹೆಸರಿನ ಜಾಗದಲ್ಲಿ ಮಾಸಲು ಗೀರುಗಳು.

“ನನ್ನ ಹೆಸರೆಲ್ಲಿ?” ಸಿಮುಲೋಸ್ ಹೆಬ್ಬೆರಳಿಂದ ಸವರಿದ.

“ಬಣ್ಣ ತೆಳುವಾಯ್ತು. ತಪ್ಪು ನಂದೇ.”

“ಹೋಗ್ಲಿ ಬಿಡು,” ಎಂದು ನಕ್ಕ. ಕಣ್ಣು ಮಾತ್ರ ತುಂಬಿತ್ತು. ನನಗೆ ಆವಿಗೆಯೊಳಗೆ ಹೊಕ್ಕು ಬಾಗಿಲು ಹಾಕಿಕೊಳ್ಳಬೇಕೆನಿಸಿತು.

ಅಷ್ಟರಲ್ಲಿ ಯಜಮಾನ ಆಲಿವ್ ಅಗಿಯುತ್ತಾ ಬಂದ. ಹೂಜಿಯನ್ನು ಮೂಗಿನ ಹತ್ತಿರ ಹಿಡಿದ.

“ಏನಿದು, ಹುಳ ಹರಿದ ಹಾಗಿದೆ?” ಇನ್ನೂ ಹತ್ತಿರ ಹಿಡಿದು ಅಕ್ಷರ ಕೂಡಿಸಿದ. “ಓಹೋ! ನನ್ನ ಕಣ್ಣಿಗೇ ಮಣ್ಣೆರಚ್ತೀರೇನ್ರೋ?”

“ಮಾರೋ ಮಾಲಲ್ಲ ಯಜಮಾನ್ರೇ ಇದು,” ಎಂದ ಸಿಮುಲೋಸ್. “ಅಂಗಡಿ ಹೆಸರು ನಿಮ್ದೇ ಇರ್ಲಿ. ಬೀಗರ ಮನೇಲಿ ನನ್ನ ಮಗಳ ಹತ್ರ ಅಪ್ಪನ ಹೆಸರು ಇರ್ಬೇಕು ಅನ್ನಿಸ್ತು, ಅಷ್ಟೇ.”

ಯಜಮಾನ ಆಲಿವ್ ಬೀಜ ಉಗುಳಿದ. ಆಮೇಲೆ ನನ್ನ ಕಡೆ ಕೈ ಚಾಚಿದ.

“ಕೊಡೋ ಆ ಉಳಿ.”

“ನಾನೇ ಕೆತ್ತಿ ಕೊಡ್ತೀನಿ...”

“ನೀನು ಬರೆದಿದ್ದು ಸಾಕು! ಮೂವತ್ತು ವರ್ಷದಿಂದ ನನ್ನ ಹೆಸರಿಗೆ ದುಡಿದಿದ್ದಾನೆ ಇವನು. ಇವನ ಹೆಸರಿಗೆ ನಾನು ಸ್ವಲ್ಪ ದುಡೀತೀನಿ.”

ಸುಟ್ಟ ಮಣ್ಣಿನಲ್ಲಿ ಕೆತ್ತುವುದು ಸುಲಭವಲ್ಲ. ಮೂರು ಸಲ ಉಳಿ ಜಾರಿತು. ಬೆರಳು ಗೀರಿತು, ಬೈಗುಳ ಕೇರಿಗೆಲ್ಲ ಕೇಳಿಸಿತು. ‘ನನ್ನನ್ನು ಸಿಮುಲೋಸ್ ಮಾಡಿದ’ ಎಂಬ ಅಕ್ಷರಗಳು ಕುಡಿದವರಂತೆ ವಾಲಿದವು. ನಾನು ಅಷ್ಟು ಕೆಟ್ಟ ಬರಹವನ್ನು ಕಂಡಿಲ್ಲ, ಅಷ್ಟು ಹೊಟ್ಟೆಕಿಚ್ಚು ಪಟ್ಟದ್ದೂ ಇಲ್ಲ.

ಮದುವೆಯ ಮಾರನೆಯ ದಿನ ಉಡುಗೊರೆ ಹೊತ್ತು ಬೀಗರ ಮನೆಗೆ ಹೋದೆವು. ಹೂಜಿ ಬಾಗಿಲ ಬಳಿಯೇ ನಿಂತಿತ್ತು. ಮಿರ್ಟೋಳ ಅತ್ತೆ ಅದರ ಕತ್ತನ್ನು ಸವರಿ, “ಚೆನ್ನಾಗಿದೆ ಕಣಮ್ಮ, ಯಾರು ಮಾಡಿದ್ದು?” ಎಂದಳು.

ಸಿಮುಲೋಸ್ ಹೇಳಲು ಬಾಯಿ ತೆರೆದಿದ್ದ. ಮಿರ್ಟೋ ಅಪ್ಪನ ಕೈ ಹಿಡಿದು ತಡೆದಳು.

“ನೀನು ಸುಮ್ನಿರಪ್ಪ,” ಎಂದಳು. “ಅದೇ ಹೇಳುತ್ತೆ.”