ಬುಧವಾರದ ಆತ್ಮಾವಲೋಕನ

ಪರರ ದೋಷಗಳನ್ನು ಬರೆ ಎಂದರೆ ಇನ್ನೂರು ಪುಟದ ನೋಟುಬುಕ್ಕು ಒಂದು ವಾರಕ್ಕೂ ಸಾಲುವುದಿಲ್ಲ. ನಿನ್ನ ದೋಷ ಬರೆಯಪ್ಪಾ ಎಂದರೆ ಮಾತ್ರ ಎಂಥ ವಾಚಾಳಿಯ ಪೆನ್ನೂ ಎರಡು ಸಾಲಿಗೇ ಸುಸ್ತಾಗುತ್ತದೆ. ತೊಂಬತ್ತರ ದಶಕದ ಕೊನೆಯಲ್ಲಿ ಕೂಡ್ಲಿಗಿಯ ಕುಡಿತ ಬಿಡಿಸುವ ಶಿಬಿರದಲ್ಲಿ ಹತ್ತು ದಿನ ಇಟ್ಟುಕೊಂಡು, ಹೊರಡುವಾಗ ಕೈಗೊಂದು ನೋಟುಬುಕ್ಕು ಕೊಟ್ಟು ಕಳಿಸಿದಾಗ ನನಗೆ ಈ ಜ್ಞಾನೋದಯವಾಯಿತು. ದಿನಾ ಸಂಜೆ ಮೂರು ಪ್ರಶ್ನೆಗೆ ಉತ್ತರ ಬರೆಯಬೇಕು: ಇಂದು ಕುಡಿದೆಯಾ, ಯಾರ ಮೇಲೆ ರೇಗಿದೆ, ಯಾರಿಗೆ ಸುಳ್ಳು ಹೇಳಿದೆ. ಇಷ್ಟೇ ಆಗಿದ್ದರೆ ಹಾಳಾಗಿ ಹೋಗಲಿ ಎಂದು ಸಹಿಸಬಹುದಿತ್ತು. ಭಾನುವಾರ ಅದನ್ನೆಲ್ಲ ಮೊದಲೇ ಕುಡಿತ ಬಿಟ್ಟ ಒಬ್ಬರ ಮುಂದೆ ಓದಬೇಕು ಎಂದರಲ್ಲ, ಅಲ್ಲಿ ನನಗೆ ಪಿತ್ತ ನೆತ್ತಿಗೇರಿತು.

ಆ ಒಬ್ಬರು ಯಾರೆಂದುಕೊಂಡಿರಿ? ಕೊಟ್ಟೂರಿನ ಮಾರ್ಕೆಟ್ಟಿನಲ್ಲಿ ಮೂಟೆ ಹೊರುವ ಹಮಾಲಿ ಬಸಣ್ಣ. ಕುಡಿತ ಬಿಟ್ಟು ನಾಲ್ಕು ವರ್ಷವಾಗಿತ್ತು, ಒಂದಕ್ಷರ ಓದಲು ಬಾರದು. ನಾನೋ ಪಕ್ಕದ ಹಳ್ಳಿಯ ಸರ್ಕಾರಿ ಶಾಲೆಯ ಮೇಷ್ಟ್ರು, ಸಮಾಸ ಸಂಧಿಗಳನ್ನು ಅರೆದು ಕುಡಿದವನು, ಜೊತೆಗೆ ಬೇರೆಯದನ್ನೂ ಕುಡಿದವನು. ಇಂಥ ಪಂಡಿತೋತ್ತಮ ಪ್ರತಿ ಭಾನುವಾರ ಮಿರ್ಚಿ ಭಜಿ ಅಂಗಡಿಯ ಬೆಂಚಿನ ಮೇಲೆ ಕೂತು ಅವನಿಗೆ ತನ್ನ ಪಾಪಗಳ ವಾಚನ ಮಾಡಬೇಕಿತ್ತು. ಮಾಡದೆ ಗತಿಯಿರಲಿಲ್ಲ. ಮಗಳನ್ನು ಕರೆದುಕೊಂಡು ತವರಾದ ಹೊಳಲಿಗೆ ಹೋಗಿದ್ದ ನನ್ನ ಹೆಂಡತಿ ಸರೋಜ ತಿರುಗಿ ಬಂದದ್ದೇ ಒಂದು ಕರಾರಿನ ಮೇಲೆ: ಯಾವ ಭಾನುವಾರ ಬಸಣ್ಣ ‘ಹೂಂ’ ಅನ್ನುವುದಿಲ್ಲವೋ, ಸೋಮವಾರ ಅವಳು ಹೊಳಲಿನ ಬಸ್ಸು ಹತ್ತುವವಳು, ಆಮೇಲೆ ಬರುವವಳಲ್ಲ.

ಈಗ ನನ್ನ ಘನಕಾರ್ಯ ಕೇಳಿ. ಸೋಮವಾರವೇ ಇಡೀ ವಾರದ ಪಾಠಟಿಪ್ಪಣಿ ಬರೆದು ಹೆಡ್‌ಮಾಸ್ಟರ ಸಹಿ ಹಾಕಿಸಿಬಿಡುವುದು ನಮ್ಮ ವೃತ್ತಿಯ ಕುಲಾಚಾರ. ಗುರುವಾರ ಮಕ್ಕಳಿಗೆ ಏನು ಅರ್ಥವಾಯಿತೆಂಬುದನ್ನು ನಾವು ಸೋಮವಾರವೇ ಬಲ್ಲೆವು. ಆ ಅಭ್ಯಾಸಬಲದಿಂದ ನಾನು ಆತ್ಮಾವಲೋಕನವನ್ನೂ ಸೋಮವಾರವೇ ಮುಗಿಸತೊಡಗಿದೆ. ಮಂಗಳವಾರ: ಕುಡಿಯಲಿಲ್ಲ, ಪತ್ನಿಯ ಮೇಲೆ ಕಿಂಚಿತ್ ರೇಗಿದೆ, ಪಶ್ಚಾತ್ತಾಪವಾಯಿತು. ಬುಧವಾರ: ಕುಡಿಯಲಿಲ್ಲ; ಐದನೆಯ ತರಗತಿಯ ಮೇಲೆ ರೇಗಿದೆ, ಮಧ್ಯಾಹ್ನ ಮನಸ್ಸು ಪ್ರಶಾಂತವಾಯಿತು. ವೈವಿಧ್ಯ ಇರಲೆಂದು ಶುಕ್ರವಾರ ಯಾರ ಮೇಲೂ ರೇಗುತ್ತಿರಲಿಲ್ಲ.

ಹೀಗೆ ಮೂರು ವಾರ ಸಾಗಿತು. ನಾಲ್ಕನೆಯ ಭಾನುವಾರ ನಾನು ಬುಧವಾರದ ಪುಟವನ್ನು ರಾಗವಾಗಿ ಓದಿ ಮುಗಿಸಿದಾಗ ಬಸಣ್ಣ ಮಿರ್ಚಿಯನ್ನು ಪೇಪರಿನ ಮೇಲಿಟ್ಟ.

“ಬುಧವಾರ ಎಲ್ಲಾ ಬಂದ್ ಇತ್ತಲ್ರಿ ಮೇಷ್ಟ್ರ. ಯಾವ ಸಾಲಿ ಹುಡುಗ್ರ ಮ್ಯಾಲ ಸಿಟ್ಟಾದ್ರಿ?”

ಹೌದು, ಇತ್ತು. ಯಾರೋ ದೊಡ್ಡ ಮನುಷ್ಯರು ತೀರಿಕೊಂಡರೆಂದು ಅಂದು ಶಾಲೆ, ಕಚೇರಿ, ಮಾರ್ಕೆಟ್ಟು ಎಲ್ಲ ಮುಚ್ಚಿದ್ದವು. ಸಾರಾಯಿ ಅಂಗಡಿಯ ಹಿಂಬಾಗಿಲಿಗೆ ಮಾತ್ರ ಶೋಕ ತಟ್ಟಿರಲಿಲ್ಲ. ಮಾಡಲು ಕೆಲಸವಿಲ್ಲದ ಮಧ್ಯಾಹ್ನ, ಪ್ರಶಾಂತವಾಗಬೇಕಾದ ನನ್ನ ಮನಸ್ಸು ಅಲ್ಲಿಗೇ ಹೋಗಿತ್ತು, ಕಾಲುಗಳೂ ಹೋಗಿದ್ದವು. ಬರೆಯುವಾಗ ವಾರ ತಪ್ಪಿತೆಂದೆ. ಅದು ಗುರುವಾರದ್ದಿರಬೇಕೆಂದೆ. ಅವನು ನೋಟುಬುಕ್ಕು ಬಿಟ್ಟು ನನ್ನ ಮುಖವನ್ನೇ ನೋಡುತ್ತಿದ್ದ. ಅಕ್ಷರ ಬಾರದವನಿಗೆ ಈ ಪಾಟಿ ಓದಲು ಬರುತ್ತದಲ್ಲ ಎಂದು ಮೈಯೆಲ್ಲ ಉರಿದುಹೋಯಿತು. ಕೊನೆಗೆ ಕುಡಿದೆ ಎಂದೆ.

“ನನಗೂ ಅವತ್ತು ಕೆಲಸ ಇದ್ದಿಲ್ರಿ. ಆ ಹಿಂಬಾಗ್ಲ ತನಕ ಹೋಗಿ ನಿಂತು ಬಂದೀನಿ. ಅದಕ್ಕ ಕೇಳಿದೆ,” ಎಂದ ಬಸಣ್ಣ. “ಅಕ್ಕಾರ ಮುಂದ ನಾ ಏನೂ ಅನ್ನಂಗಿಲ್ಲ. ನೀವ ಹೇಳ್ರಿ.”

ನಾಲ್ಕು ವರ್ಷವಾದ ಮೇಲೂ ಆ ಬಾಗಿಲಿನವರೆಗೆ ನಡೆಸುವ ಕಾಯಿಲೆಯನ್ನು ನಾನು ಸೋಮವಾರದ ಅರ್ಧ ಗಂಟೆಯಲ್ಲಿ ವಾರಕ್ಕಾಗುವಷ್ಟು ಗೆದ್ದುಬಿಡುತ್ತಿದ್ದೆನಲ್ಲ ಎಂದು ನಾಚಿಕೆಯಾಯಿತು. ದಾರಿಯುದ್ದಕ್ಕೂ ಬಸಣ್ಣನನ್ನೂ ಶಿಬಿರದವರನ್ನೂ ಬೈದುಕೊಂಡೇ ಮನೆಗೆ ಬಂದೆ. ಸರೋಜ ರೊಟ್ಟಿ ಬಡಿಯುತ್ತಿದ್ದಳು. ನಿಂತುಕೊಂಡೇ ಹೇಳಿದೆ.

ಅವಳು ತಲೆ ಎತ್ತಲಿಲ್ಲ. “ಬುಧವಾರನ ವಾಸನಿ ಬಂದಿತ್ತು. ನೀವಾಗೇ ಹೇಳ್ತೀರೇನಂತ ನಾಕು ದಿನ ಕಾದೀನಿ. ಚೀಲ ತುಂಬೇತಿ, ನೋಡ್ರಿ.”

ನೋಡಿದೆ. ಬಾಗಿಲ ಸಂದಿಯಲ್ಲಿ ಚೀಲವಿತ್ತು, ಮೇಲೆ ಮಗಳ ಲಂಗ ಕಾಣುತ್ತಿತ್ತು. ಆ ಕ್ಷಣ ನನಗಾದ ಹೆದರಿಕೆಯನ್ನು ಯಾವ ಸಮಾಸದಲ್ಲೂ ಹೇಳಲಾರೆ.

ಸೋಮವಾರ ಅವಳು ಹೋಗಲಿಲ್ಲ. ಚೀಲವನ್ನು ಬಿಚ್ಚಲೂ ಇಲ್ಲ. ಆ ವರ್ಷದ ಮಳೆಗಾಲ ಮುಗಿಯುವವರೆಗೆ ಸೀರೆಯನ್ನು ಅದರಿಂದಲೇ ತೆಗೆದು ಉಟ್ಟಳು, ಒಗೆದು ಮಡಚಿ ಅದರೊಳಗೇ ಇಟ್ಟಳು. ನಾನು ಸಂಜೆ ಸಂಜೆ ಅದರ ಎದುರಿಗೆ ಕೂತು ಅಂದಿನದನ್ನಷ್ಟೇ ಬರೆಯುತ್ತಿದ್ದೆ. ಇನ್ನಾದರೂ ಬಿಚ್ಚಬಾರದೇನೆ ಮಾರಾಯ್ತಿ ಎಂದು ಎಷ್ಟೋ ಸಲ ಬಾಯಿಗೆ ಬರುತ್ತಿತ್ತು. ಕೇಳುವ ಧೈರ್ಯ ಸಾಲದೆ, ‘ಕುಡಿಯಲಿಲ್ಲ. ಚೀಲದ ಮೇಲೆ ರೇಗಿದೆ’ ಎಂದು ಬರೆದು ಪುಟ ಮುಗಿಸುತ್ತಿದ್ದೆ.